ಮುಟ್ಟದ ತಟ್ಟೆ

ಬೇಸಿಗೆ ಇನ್ನೂ ಹೋಗಿರಲಿಲ್ಲ, ಮಳೆ ಇನ್ನೂ ಬಂದಿರಲಿಲ್ಲ. ಅಂಥ ದಿನಗಳಲ್ಲಿ ಒಂದು ಶನಿವಾರ, ಸಂಜೆ ಆರೂಕಾಲು ಗಂಟೆಗೆ ಅದು ಶುರುವಾಯಿತು.

ಅವಳು ಕನ್ನಡಕದ ಅಂಗಡಿಯಿಂದ ಆಗಷ್ಟೇ ಬಂದು ಬಾಗಿಲು ತೆಗೆದಿದ್ದಳು. ಒಳಗೆ ಸೋದರತ್ತೆ ಕೆಮ್ಮುತ್ತಿದ್ದರು. ಸುಮ್ಮನೆ ಗಂಟಲು ಕೆರೆದ ಕೆಮ್ಮಲ್ಲ... ಉಸಿರೇ ಸಿಗದ ಕೆಮ್ಮು!

“ಅತ್ತೆ! ಏನಾಯ್ತು?”

“ಮೇಲೆ... ಮೇಲಿನವನು...” ಅತ್ತೆ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಮಹಡಿಯ ಕಡೆ ಕೈ ತೋರಿಸಿದರು. “ನಿನ್ನೆ ಬಾಡಿಗೆಗೆ ಬಂದ. ಇವತ್ತು ಮನೇನೇ ಸುಡ್ತಿದ್ದಾನೆ ಕಣೇ!”

ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಮೇಲಿನ ಕೋಣೆಯ ಬಾಗಿಲು ತೆರೆದೇ ಇತ್ತು. ಒಣಮೆಣಸಿನ ಘಾಟು ಕಣ್ಣಿಗೆ ಹೊಡೆಯಿತು. ಹೊಗೆಯ ನಡುವೆ ಕಾಣಿಸಿದ್ದು ಒಂದು ಬೆನ್ನು ಮಾತ್ರ. ಅಗಲವಾದ ಬೆನ್ನು, ಮಾಸಿದ ನೀಲಿ ಅಂಗಿ, ಅದರ ಆಚೆ ಧಗಧಗ ಉರಿ.

“ಏನ್ರೀ! ಮನೆಗೆ ಬೆಂಕಿ ಹಚ್ತಿದ್ದೀರಾ? ಕೆಳಗೆ ವಯಸ್ಸಾದೋರಿದ್ದಾರೆ!”

“ಒಂದು ನಿಮಿಷ...” ಅಂದಿತು ಬೆನ್ನು. “ಈಗ ತಿರುಗೋಕಾಗಲ್ಲ. ತಿರುಗಿದ್ರೆ ತಳ ಹಿಡಿಯುತ್ತೆ.”

“ಹಾಗಾದ್ರೆ ನಾನು ಮಾತಾಡ್ತಿರೋದು ನಿಮ್ಮ ಬೆನ್ನ ಜೊತೆನಾ?”

“ಬೆನ್ನಿಗೂ ಕಿವಿ ಇದೆ. ಬೈಯಿರಿ, ಕೇಳಿಸ್ಕೋತಾ ಇದ್ದೀನಿ.”

ಇಷ್ಟು ಹೊತ್ತು ಬಾಯಲ್ಲಿ ಕಟ್ಟಿಕೊಂಡು ಬಂದಿದ್ದ ಬೈಗುಳವೆಲ್ಲ ಅವಳಿಗೆ ಮರೆತೇಹೋಯಿತು! ಎದುರಾಳಿಯ ಮುಖ ಕಾಣದೆ ಜಗಳ ಆಡುವುದಾದರೂ ಹೇಗೆ?

ಬಾಣಲೆಯಲ್ಲಿ ಸಟ್ಟುಗ ಟಕಟಕ ಸದ್ದು ಮಾಡಿತು. ಉರಿ ಆರಿತು. ಅವನು ತಿರುಗಿದಾಗ ಕೈಯಲ್ಲಿ ತಟ್ಟೆ ಇತ್ತು. ಹೊಗೆಯಾಡುವ ಅಗಲ ಅಕ್ಕಿ ನೂಡಲ್ಸು, ಮೇಲೆ ಜಜ್ಜಿದ ಕಡಲೆಕಾಯಿ, ಪಕ್ಕದಲ್ಲಿ ಒಂದು ಹೋಳು ನಿಂಬೆ.

“ಮೊದಲು ತಿನ್ನಿ, ಆಮೇಲೆ ಬೈಯಿರಿ. ಖಾಲಿ ಹೊಟ್ಟೇಲಿ ಬೈದ್ರೆ ಬೈಗುಳಕ್ಕೆ ಕಸುವಿರಲ್ಲ.”

ಬೇಡವೆನ್ನಬೇಕೆಂದೇ ಅವಳು ಬಾಯಿ ತೆರೆದಳು. ಆದರೆ ಹುಣಸೆಯ ಹುಳಿ, ತಾಳೆಬೆಲ್ಲದ ಸಿಹಿ, ಉರಿಗೆ ಸಿಕ್ಕ ಬೆಳ್ಳುಳ್ಳಿ... ಆ ವಾಸನೆ ಅವಳಿಗಿಂತ ಮೊದಲೇ ಒಪ್ಪಿಕೊಂಡಿತ್ತು. ಗೋಡೆಯ ಪಕ್ಕದ ಸಣ್ಣ ಮೇಜಿಗೆ ಕೂತು ಒಂದು ತುತ್ತು ಬಾಯಿಗಿಟ್ಟಳು.

ಅಯ್ಯೋ... ಏನಿದು! ಹುಳಿ ಎನ್ನುವಷ್ಟರಲ್ಲಿ ಸಿಹಿ, ಸಿಹಿ ಎನ್ನುವಷ್ಟರಲ್ಲಿ ಖಾರ!

“ಯಾವ ಊರಿನ ಅಡುಗೆ ಇದು?”

“ಥಾಯ್ ನೂಡಲ್ಸು. ಹಡಗಲ್ಲಿ ಕಲಿತಿದ್ದು.”

ಉತ್ತರ ಬಂದದ್ದು ಮತ್ತೆ ಬೆನ್ನಿನಿಂದ! ಅವನು ಆಗಲೇ ಒಲೆಯ ಕಡೆ ತಿರುಗಿ ಎರಡನೇ ತಟ್ಟೆಗೆ ಎಣ್ಣೆ ಕಾಯಿಸುತ್ತಿದ್ದ.

*

ಅವನು ಹಡಗಿನ ಅಡುಗೆಯವನು. ಒಂಬತ್ತು ತಿಂಗಳು ನೀರ ಮೇಲೆ, ಎರಡು ತಿಂಗಳು ನೆಲದ ಮೇಲೆ. ಆ ಎರಡು ತಿಂಗಳಿಗೆಂದೇ ಮಹಡಿ ಕೋಣೆ ಹಿಡಿದಿದ್ದ. ಹಿಂದೆ ಮುಂದೆ ಯಾರೂ ಇಲ್ಲ. ಅತ್ತೆ ಅವನಿಗೆ ಎರಡೇ ದಿನಕ್ಕೆ ‘ಹೊಗೆರಾಯ’ ಎಂದು ಹೆಸರಿಟ್ಟರು. ಮೂರನೇ ದಿನ ಮೆಣಸಿಲ್ಲದ ತಟ್ಟೆಯೊಂದು ಕೆಳಗೆ ಬಂತು ನೋಡಿ, ಆಮೇಲೆ ಬೈಯುವುದನ್ನು ಕಡಿಮೆ ಮಾಡಿದರು. ಹೆಸರನ್ನು ಮಾತ್ರ ಬಿಡಲಿಲ್ಲ.

ಶನಿವಾರ ಬಂತೆಂದರೆ ಮೇಲೆ ನೂಡಲ್ಸು. ಮೊದಲ ತಟ್ಟೆ ಅತ್ತೆಗೆ. ಮಂಡಿ ನೋವಿನ ಅತ್ತೆ ಮೆಟ್ಟಿಲು ಹತ್ತುವವರಲ್ಲ, ಅವಳೇ ಅದನ್ನು ಕೆಳಗೆ ಟಿ.ವಿ. ಮುಂದೆ ಇಟ್ಟು ಬರುತ್ತಿದ್ದಳು. ಎರಡನೆಯದು ಅವಳಿಗೆ. ಮೂರನೆಯದು ಅವನಿಗೆ.

“ಮೂರೂ ತಟ್ಟೇದು ಒಟ್ಟಿಗೇ ಹಾಕಿದ್ರೆ ಆಗಲ್ವಾ?” ಎಂದು ಒಮ್ಮೆ ಕೇಳಿದಳು.

“ಆಗಲ್ಲ ಕನ್ನಡಕದವರೇ. ಬಾಣಲೆ ತುಂಬಿದ್ರೆ ಉರಿ ಸಾಲಲ್ಲ, ನೂಡಲ್ಸು ಬೆವರುತ್ತೆ, ಒಂದಕ್ಕೊಂದು ಅಂಟಿ ಮುದ್ದೆ ಆಗುತ್ತೆ. ಒಂದು ಸಲಕ್ಕೆ ಒಬ್ಬರದ್ದೇ. ಹಾಗೇ ಇದನ್ನ ಮಾಡೋದು.”

“ಹಡಗಲ್ಲಿ ಇಪ್ಪತ್ತು ಜನಕ್ಕೆ?”

“ಇಪ್ಪತ್ತು ಸಲ.”

“ಮತ್ತೆ ನೀವು ತಿನ್ನೋದು?”

“ಇಪ್ಪತ್ತೊಂದನೇದು... ಹಸಿವು ಉಳಿದಿದ್ರೆ!” ಎಂದು ನಕ್ಕ. ನಕ್ಕದ್ದು ಗೊತ್ತಾದದ್ದು ಭುಜ ಅಲುಗಿದ್ದರಿಂದ.

ಅವಳ ಕೆಲಸವೇ ಮುಖ ನೋಡುವುದು. ಇಡೀ ದಿನ ಜನರನ್ನು ಎದುರು ಕೂರಿಸಿಕೊಂಡು, ಮೂಗಿನ ಮೇಲೆ ಸಣ್ಣ ಅಳತೆಪಟ್ಟಿ ಹಿಡಿದು, ಎರಡು ಕಣ್ಣುಗುಡ್ಡೆಗಳ ನಡುವೆ ಎಷ್ಟು ದೂರ ಎಂದು ಬರೆದುಕೊಳ್ಳುವುದು. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಮುಖ ನೋಡಿದ್ದಳೋ! ಮೂವತ್ತಾರು ತುಂಬಿದ್ದರೂ ಅವುಗಳಲ್ಲಿ ಒಂದು ಮುಖವೂ ಅವಳನ್ನು ತಿರುಗಿ ನೋಡಿರಲಿಲ್ಲ ಎನ್ನುವುದು ಬೇರೆ ಮಾತು.

ಈಗ ನೋಡಿದರೆ, ಮನಸ್ಸು ಹುಡುಕಿಕೊಂಡು ಹೋಗುತ್ತಿದ್ದದ್ದು ಒಂದು ಬೆನ್ನನ್ನು!

ಎಡ ಭುಜ ಸ್ವಲ್ಪ ತಗ್ಗು. ಬಾಣಲೆ ಎತ್ತಿ ಎತ್ತಿ ಹಾಗಾಗಿರಬೇಕು. ಮೊಟ್ಟೆ ಒಡೆಯುವಾಗ ಕತ್ತು ಬಲಕ್ಕೆ ವಾಲುತ್ತದೆ. ಮೊಳಕೆಕಾಳು ಹಾಕುವ ಮುಂಚೆ ಒಂದು ಉಸಿರು ನಿಲ್ಲಿಸುತ್ತಾನೆ. ಎಲ್ಲ ಗೊತ್ತು ಅವಳಿಗೆ.

‘ಒಂದೇ ಒಂದು ದಿನ ಎದುರಿಗೆ ಕೂತು ತಿನ್ನಬಾರದಾ ಇವರು...’

ಕೂರುತ್ತಿರಲಿಲ್ಲ. ಅವಳ ತಟ್ಟೆ ಮೇಜಿಗೆ ಬಂದ ಕೂಡಲೇ “ತಿನ್ನಿ, ಕಾಯಬೇಡಿ, ಆರಿದ್ರೆ ಹಾಳು” ಎನ್ನುವನು. ಅವನ ತಟ್ಟೆ ಆಗುವ ಹೊತ್ತಿಗೆ ಅವಳದು ಮುಗಿದಿರುತ್ತಿತ್ತು. ಅವನು ಒಲೆಯ ಪಕ್ಕ ನಿಂತೇ ತಿನ್ನುವನು, ಹಡಗು ಅಲುಗಿದರೆ ಹಿಡಿದುಕೊಳ್ಳಬೇಕು ಎನ್ನುವವನ ಹಾಗೆ ಕಾಲು ಅಗಲಿಸಿಕೊಂಡು.

‘ಪಾಪ, ಅಭ್ಯಾಸ’ ಎಂದು ಮೊದಲು ಅಂದುಕೊಂಡಳು. ಆಮೇಲಾಮೇಲೆ ಮನಸ್ಸು ಬೇರೆ ಹೇಳತೊಡಗಿತು. ‘ನಾನೂ ಅವರಿಗೆ ಆ ಇಪ್ಪತ್ತು ಜನರಲ್ಲಿ ಒಬ್ಬಳು. ತಟ್ಟೆ ಹಿಡಿದು ಬಂದವಳಿಗೆ ಬಡಿಸ್ತಾರೆ. ಅಷ್ಟೇ...’

ಅವನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಮಾತು ಕೂಡಿಸಲು ಬಾರದ ಮನುಷ್ಯ ಅವನು. ಹುಣಸೆಹಣ್ಣಿನ ನಾರನ್ನು ಅವಳ ತಟ್ಟೆಗಾಗಿ ಎರಡು ಸಲ ಸೋಸುತ್ತಿದ್ದ. ಮುರಿಯದ ಉದ್ದ ನೂಡಲ್ಸನ್ನು ಆರಿಸಿ ಅವಳದಕ್ಕೆ ಎತ್ತಿಡುತ್ತಿದ್ದ. ಹಿಂದೆ ಅವಳು ಮುಳ್ಳುಚಮಚ ತಟ್ಟೆಗೆ ತಾಗಿಸುವ ಸದ್ದು ಕೇಳುತ್ತ ನಿಂತರೆ ಅವನಿಗೆ ಅದೇ ಸಂತೋಷ. ‘ತಿಂತಿದ್ದಾರೆ... ಇನ್ನೂ ತಿಂತಿದ್ದಾರೆ...’

ಇದನ್ನು ಬಾಯಿ ಬಿಟ್ಟು ಹೇಳುವುದು ಅವನಿಗೆ ಹೊಳೆದೇ ಇರಲಿಲ್ಲ.

*

ಐದನೇ ವಾರ ಅವನು ಅಂಗಡಿಗೆ ಬಂದ. ಕೈಯಲ್ಲಿ ನೂಡಲ್ಸಿಗೆ ಉಪ್ಪಿನ ಬದಲು ಹಾಕುವ ಫಿಶ್ ಸಾಸಿನ ಬಾಟಲಿ!

“ಇದರ ಮೇಲೆ ಏನು ಬರೆದಿದೆ ಕಾಣ್ತಿಲ್ಲ. ತಪ್ಪು ಬಾಟಲೀದಾ, ನನ್ನ ಕಣ್ಣಿಂದಾ?”

“ಕೂತ್ಕೊಳ್ಳಿ” ಎಂದಳು ಅವಳು, ನಗು ನುಂಗಿಕೊಂಡು. “ಚಾಳೀಸು ಬಂದಿದೆ. ನಲವತ್ತು ದಾಟ್ತಾ?”

“ಇನ್ನೂ ಎರಡು ತಿಂಗಳಿದೆ.”

“ಕಣ್ಣು ಎರಡು ತಿಂಗಳು ಮುಂದೆ ಓಡ್ತಿದೆ ಹಾಗಾದ್ರೆ.”

ಅವನು ಕೂತ. ಅವಳು ಎದುರಿನ ಸ್ಟೂಲು ಎಳೆದುಕೊಂಡಳು. ಮೊದಲ ಸಲ... ಮೊದಲ ಸಲ ಆ ಮುಖ ಒಂದು ಗೇಣು ದೂರದಲ್ಲಿ! ಹುಬ್ಬಿನ ಮೇಲೆ ಎಣ್ಣೆ ಸಿಡಿದ ಸಣ್ಣ ಕಲೆ. ಉಪ್ಪುಗಾಳಿಗೆ ಒಣಗಿದ ತುಟಿ.

“ನನ್ನ ಕಣ್ಣನ್ನೇ ನೋಡಿ. ಅಲುಗಾಡಬೇಡಿ.”

ಅವನು ನೋಡಿದ. ಅಲುಗಾಡಲಿಲ್ಲ.

ಅವಳು ಅಳತೆಪಟ್ಟಿಯನ್ನು ಅವನ ಮೂಗಿನ ಮೇಲಿಟ್ಟಳು. ಅರವತ್ತಮೂರೋ ಅರವತ್ತನಾಲ್ಕೋ ಮಿಲಿಮೀಟರು... ಹನ್ನೊಂದು ವರ್ಷದಲ್ಲಿ ತಪ್ಪದ ಅಳತೆ ಮೂರು ಸಲ ತಪ್ಪಿತು.

“ಕಷ್ಟದ ಕಣ್ಣಾ?” ಎಂದು ಕೇಳಿದ ಅವನು ಮೆಲ್ಲಗೆ.

“ಸುಮ್ಮನಿರಿ. ಮಾತಾಡಿದ್ರೆ ಮೂಗು ಅಲುಗುತ್ತೆ.”

ಹೋಗುವಾಗ ಬಾಗಿಲಲ್ಲಿ ನಿಂತು ಅಂದ. “ಇಲ್ಲಿ ಬಂದರಿನ ಶಾಲೆ ಇದೆಯಲ್ಲ, ಹಡಗಿನ ಕೆಲಸ ಕಲಿಸೋದು... ಅಲ್ಲಿ ಅಡುಗೆ ಹೇಳಿಕೊಡೋಕೆ ಕರೀತಿದ್ದಾರೆ. ಒಪ್ಪಿದ್ರೆ ಮತ್ತೆ ಹಡಗು ಹತ್ತೋ ಹಾಗಿಲ್ಲ. ಇಲ್ಲೇ ಇರಬೇಕು.”

“ಒಪ್ತೀರಾ?”

“ನೋಡ್ಬೇಕು... ಇರು ಅನ್ನೋರು ಯಾರಾದ್ರೂ ಇದ್ರೆ.”

ಅಷ್ಟು ಹೇಳಿ ಹೊರಟೇಬಿಟ್ಟ! ಅವಳು ಬಾಗಿಲವರೆಗೆ ಹೋಗಿ ನಿಂತಳು. ‘ನನಗೇ ಹೇಳಿದ್ದಾ? ನಾನು ಹೇಳಬೇಕಾ? ಹೇಗೆ ಹೇಳೋದು...’

ಮೂರು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. ಬಾಯಲ್ಲಿ ಹೇಳಲಾರೆ. ಈ ಶನಿವಾರ ಅವರಿಗಾಗಿ ಕಾಯುತ್ತೇನೆ. ಅವರು ಬಂದು ಎದುರು ಕೂರುವವರೆಗೂ ಒಂದು ತುತ್ತೂ ತಿನ್ನುವುದಿಲ್ಲ. ಎಂಥವನಿಗಾದರೂ ಅರ್ಥವಾಗುತ್ತದೆ!

*

ಶನಿವಾರ ಬಂತು. ಅಷ್ಟು ಹೊತ್ತಿಗೆ ಮಳೆಯೂ ಬಂದಿತ್ತು. ಅತ್ತೆಯ ತಟ್ಟೆ ಕೆಳಗೆ ಹೋಯಿತು. ಅವಳ ತಟ್ಟೆ ಮೇಜಿಗೆ ಬಂತು.

“ತಿನ್ನಿ, ಕಾಯಬೇಡಿ.”

ಅವಳು ಕೈ ಮಡಿಲಲ್ಲಿಟ್ಟು ಕೂತಳು. ಹಬೆ ಏಳುತ್ತಿತ್ತು, ಆಮೇಲೆ ತೆಳುವಾಯಿತು, ಆಮೇಲೆ ನಿಂತಿತು. ಅವಳಿಗೆ ಒಳಗೊಳಗೇ ನಾಚಿಕೆ, ಭಯ, ಎಂಥದೋ ಖುಷಿ. ‘ಈಗ ತಿರುಗ್ತಾರೆ... ಈಗ ನೋಡ್ತಾರೆ...’

ಒಲೆಯ ಮುಂದೆ ಅವನ ಕಿವಿ ಒಂದು ಸದ್ದಿಗಾಗಿ ಹುಡುಕುತ್ತಿತ್ತು. ಮುಳ್ಳುಚಮಚದ ಸದ್ದು ಇಲ್ಲ. ಯಾಕಿಲ್ಲ?

ತಿರುಗಿದ. ತಟ್ಟೆ ಮುಟ್ಟಿರಲಿಲ್ಲ.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ಅವನ ಮೊದಲ ಹಡಗಿನಲ್ಲಿ ಒಬ್ಬ ಮುದುಕ ಇದ್ದ, ಥಾಯ್ ದೇಶದವನು. ನೂಡಲ್ಸು ಕಲಿಸಿದವನು ಅವನೇ. ವಯಸ್ಸಾಗಿ ಕೈ ತಪ್ಪತೊಡಗಿತು. ಆ ಹಡಗಿನವರು ಅಡುಗೆಯವನನ್ನು ‘ಇಳಿ’ ಎಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬಡಿಸಿದ್ದನ್ನು ಮುಟ್ಟದೆ ಕೂರುತ್ತಿದ್ದರು. ಒಂದು ಸಂಜೆ ಇಪ್ಪತ್ತೆರಡು ತಟ್ಟೆಗಳು ಹಾಗೇ ಆರಿದವು. ಮುದುಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಮ್ಮೆ ನೋಡಿದ. ಯಾಕೆ ಎಂದು ಕೇಳಲಿಲ್ಲ. ಮುಂದಿನ ಬಂದರಿನಲ್ಲಿ ಚೀಲ ಹೊತ್ತು ಇಳಿದುಹೋದ.

ಆ ನೋಟ ಇವನೊಳಗೆ ಹದಿನೆಂಟು ವರ್ಷದಿಂದ ಕೂತಿತ್ತು. ಅಡುಗೆಯವನಿಗೆ ಅದಕ್ಕಿಂತ ದೊಡ್ಡ ‘ಬೇಡ’ ಇನ್ನೊಂದಿಲ್ಲ ಎಂದೇ ತಿಳಿದಿದ್ದ.

ಇರು ಅನ್ನುವವರಿದ್ದಾರಾ ಎಂದು ಅಂಗಡಿ ಬಾಗಿಲಲ್ಲಿ ಕೇಳಿ ಬಂದಿದ್ದ. ಉತ್ತರ ಇಗೋ, ಮೇಜಿನ ಮೇಲೆ ಆರುತ್ತಿದೆ.

“ಸರಿ...” ಎಂದ. ಧ್ವನಿ ಸಣ್ಣದಾಗಿತ್ತು. “ಗೊತ್ತಾಯ್ತು.”

ಅವಳು ತಲೆ ತಗ್ಗಿಸಿದಳು. ಮುಖ ಕೆಂಪಾಯಿತು. ಅಬ್ಬಾ... ಗೊತ್ತಾಯಿತಂತೆ! ಕೊನೆಗೂ ಗೊತ್ತಾಯಿತು!

“ಇದು ಆರಿಹೋಗಿದೆ. ಬಿಡಿ.” ಅವನು ತಟ್ಟೆ ಎತ್ತಿಕೊಂಡ. “ಇವತ್ತು ನನಗೆ ಸ್ವಲ್ಪ ಕೆಲಸ ಇದೆ. ನೀವು ಹೋಗಿ.”

‘ನಾಚಿಕೆ ಪಾಪ’ ಅಂದುಕೊಂಡು ಅವಳು ಹಸಿದ ಹೊಟ್ಟೆಯಲ್ಲೇ ಮೆಟ್ಟಿಲಿಳಿದಳು. ಹಸಿವು ತಿಳಿಯಲೇ ಇಲ್ಲ.

ಸೋಮವಾರ ಸಂಜೆ ಅಂಗಡಿಯಿಂದ ಬಂದಾಗ ಮೇಲಿನ ಕಿಟಕಿ ಮುಚ್ಚಿತ್ತು. ಅತ್ತೆ ಬೀಗದ ಕೈ ಹಿಡಿದು ಕೂತಿದ್ದರು.

“ಹೊಗೆರಾಯ ಹೋದ ಕಣೇ. ಯಾವುದೋ ಹಡಗಿಗೆ ಅಡುಗೆಯವರು ಬೇಕಿತ್ತಂತೆ, ಬೆಳಿಗ್ಗೆನೇ ಸಹಿ ಹಾಕಿ ಬಂದ. ಬಾಣಲೆ ನಿನಗಂತೆ, ಒಲೆ ಮೇಲೆ ಇಟ್ಟಿದ್ದೀನಿ ಅಂದ.”

“ನನಗೆ... ಏನಾದ್ರೂ ಹೇಳಿದ್ರಾ?”

“ಹೇಳ್ದ. ‘ಬಲವಂತ ಮಾಡಿ ತಿನ್ನಿಸ್ತಿದ್ದೆನೇನೋ, ತಪ್ಪು ತಿಳ್ಕೋಬೇಡಿ ಅನ್ನಿ’ ಅಂದ. ಏನು ಹಾಗಂದ್ರೆ?”

ಅವಳಿಗೂ ತಿಳಿಯಲಿಲ್ಲ. ತಿಳಿದದ್ದು ಒಂದೇ. ಗೊತ್ತಾಗಿಯೂ ಹೋದರು... ನನ್ನ ಮನಸ್ಸು ಗೊತ್ತಾದ ಮೇಲೂ ಹೋದರು!

*

ಮಳೆಗಾಲ ಉದ್ದವಾಗಿತ್ತು ಆ ವರ್ಷ.

ಫೋನಿನಲ್ಲಿ ಅವನ ನಂಬರು ಇತ್ತು. ‘ಹೇಗಿದ್ದೀರಿ’ ಎಂದು ಬರೆಯುವಳು, ಅಳಿಸುವಳು. ‘ಹೇಳದೆ ಹೋದವರಿಗೆ ನಾನ್ಯಾಕೆ ಬರೀಲಿ’ ಎಂದು ರೇಗುವಳು. ಅರ್ಧ ಗಂಟೆಗೆ ಮತ್ತೆ ಬರೆಯುವಳು. ಮತ್ತೆ ಅಳಿಸುವಳು.

ಅಂಗಡಿಯಲ್ಲಿ ಎದುರು ಕೂತವರ ಕಣ್ಣು ಅಳೆಯುವಾಗ, ಅಲುಗದೆ ನೋಡಿದ ಆ ಎರಡು ಕಣ್ಣು ನೆನಪಾಗಿ ಅಳತೆ ಮರೆಯುತ್ತಿತ್ತು. ಮೇಲಿನ ಕೋಣೆಗೆ ಗುಡಿಸಲು ಹೋದರೆ ಒಲೆಯ ಮುಂದಿನ ಖಾಲಿ ಜಾಗವನ್ನು ಸುತ್ತಿಕೊಂಡು ಗುಡಿಸುವಳು, ಅಲ್ಲಿ ಇನ್ನೂ ಯಾರೋ ನಿಂತಿದ್ದಾರೆ ಎನ್ನುವ ಹಾಗೆ.

ಒಂದು ಶನಿವಾರ ತಡೆಯಲಾರದೆ ಆ ಬಾಣಲೆಯನ್ನು ಕೆಳಗಿನ ಅಡುಗೆಮನೆಗೆ ತಂದಳು. ‘ವಾಸನೆಯಾದರೂ ಬರಲಿ...’

ಮೊದಲ ಸಲ ನೂಡಲ್ಸನ್ನು ಕುದಿಸಿಬಿಟ್ಟಳು. ಗಂಜಿಯಾಯಿತು.

“ಇದನ್ನ ಎತ್ತಿಡು” ಅಂದರು ಅತ್ತೆ. “ಗೋಡೆಗೆ ಕಾಗದ ಅಂಟಿಸೋಕಾಗುತ್ತೆ.”

ಆಮೇಲೆ ನೆನಪಾಯಿತು. ಅವನು ಕುದಿಸುತ್ತಿರಲಿಲ್ಲ, ತಣ್ಣೀರಲ್ಲಿ ನೆನೆಸುತ್ತಿದ್ದ. ಬೆರಳಿಗೆ ಸುತ್ತಿದರೆ ಮುರಿಯದೆ ಸುತ್ತಬೇಕು, ಅಷ್ಟು ಹೊತ್ತು. ಎರಡನೇ ಸಲ ಫಿಶ್ ಸಾಸು ಕೈ ಮೀರಿತು.

“ಇದೇನೇ ಕೂಸೇ, ಸಮುದ್ರಾನೇ ಸುರಿದ್ಯಾ? ಹುಡುಗ ಹೋದ ದಾರೀನೆಲ್ಲ ನನಗೆ ಕುಡಿಸ್ತಿದ್ದೀಯಲ್ಲ!”

“ಅತ್ತೆ! ಯಾವ ಹುಡುಗ?”

“ನನಗೆ ನೋವಿರೋದು ಮಂಡೀಲಿ, ಕಣ್ಣಲ್ಲಲ್ಲ” ಅಂದರು ಅತ್ತೆ, ನೀರು ಕುಡಿಯುತ್ತ.

ಮೂರನೇ ಸಲ, ನಾಲ್ಕನೇ ಸಲ... ಏಳನೇ ಸಲಕ್ಕೆ ಬಂತು! ಹುಣಸೆಗೂ ಬೆಲ್ಲಕ್ಕೂ ರಾಜಿಯಾಯಿತು. ಉರಿ ಜೋರು, ಎಣ್ಣೆ ಹೊಗೆಯಾಡಬೇಕು, ನೂಡಲ್ಸನ್ನು ಒಂದು ಕಡೆ ಸರಿಸಿ ಮೊಟ್ಟೆ ಒಡೆಯಬೇಕು, ಮೊಳಕೆಕಾಳು ಕೊನೆಗೆ. ಅತ್ತೆಯ ತಟ್ಟೆಗೆ ಹಾಕಿ ಮೇಜಿನ ಮೇಲಿಟ್ಟಳು. “ತಿನ್ನಿ ಅತ್ತೆ, ಆರಿಹೋಗುತ್ತೆ” ಎಂದು ಒಲೆಯ ಕಡೆ ತಿರುಗಿದಳು.

ತನ್ನ ತಟ್ಟೆಗೆ ಎಣ್ಣೆ ಹಾಕುವಾಗಲೇ ಕಿವಿ ಹಿಂದಕ್ಕೆ ನೆಟ್ಟಿತ್ತು. ಅತ್ತೆ ಏನನ್ನುತ್ತಾರೋ... ಸಟ್ಟುಗ ಆಡಿಸುತ್ತ ಕಾದಳು. ಹಿಂದೆ ಏನೂ ಸದ್ದಿಲ್ಲ. ಚಮಚದ ಸದ್ದೂ ಇಲ್ಲ.

ತಿರುಗಿದಳು.

ಅತ್ತೆ ಕೈ ಕಟ್ಟಿ ಕೂತಿದ್ದರು. ತಟ್ಟೆ ಮುಟ್ಟಿರಲಿಲ್ಲ.

ಏಳು ವಾರದ ಪ್ರಯತ್ನ, ಎರಡು ಬೆರಳ ಸುಟ್ಟ ಗಾಯ... ಎಲ್ಲ ಬೇಡವಾಯಿತೇ?

“ಯಾಕತ್ತೆ... ಚೆನ್ನಾಗಿಲ್ವಾ? ತಿನ್ನೋಕಾಗಲ್ವಾ?”

“ಅಯ್ಯೋ, ಯಾವಾಗ ನೋಡಿದ್ರೂ ಒಬ್ಬಳೇ ತಿಂತೀಯ ಕೂಸೇ. ಬಾ, ಒಟ್ಟಿಗೆ ತಿನ್ನೋಣ ಅಂತ ಕೂತಿದ್ದೀನಿ.”

ಸಟ್ಟುಗ ಕೈಯಲ್ಲೇ ನಿಂತಿತು. ಬಾಣಲೆಯಲ್ಲಿ ಬೆಳ್ಳುಳ್ಳಿ ಕರಟಿತು. ಅವಳು ನೋಡಲಿಲ್ಲ.

ಒಲೆಯ ಮುಂದೆ ನಿಂತವರಿಗೆ ಇದು ಹೀಗೆ ಕಾಣುತ್ತದೆಯೇ! ಅವರು ತಿರುಗಿದರು... ಅವರಿಗೆ ಕಂಡದ್ದು ಇದು! ‘ಸರಿ, ಗೊತ್ತಾಯ್ತು’ ಅಂದದ್ದು... ‘ಬಲವಂತ ಮಾಡಿ ತಿನ್ನಿಸ್ತಿದ್ದೆನೇನೋ’ ಅಂದದ್ದು... ಅವರಿಗೆ ಗೊತ್ತಾದದ್ದು ಬೇರೆಯೇ!

“ಅತ್ತೆ... ನಾನು ಅವರನ್ನ ಕಳಿಸಿಬಿಟ್ಟೆ.” ಅವಳು ನೆಲದ ಮೇಲೇ ಕೂತುಬಿಟ್ಟಳು. “ನಾನೇ ಕಳಿಸಿಬಿಟ್ಟೆ ಅತ್ತೆ...”

ಅತ್ತೆ ಎದ್ದು ಬಂದು ಮೊದಲು ಒಲೆ ಆರಿಸಿದರು. ಆಮೇಲೆ ಅವಳ ತಲೆ ಮೇಲೆ ಕೈಯಿಟ್ಟರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

“ಇಬ್ಬರೂ ಮೂಗರಲ್ಲ. ಬಾಯಿ ಇರೋದು ಬರೀ ತಿನ್ನೋಕಾ? ಹೇಳು ಹೋಗು.”

ಅವಳು ಬರೆಯಲಿಲ್ಲ. ಬರೆದರೆ ಮತ್ತೆ ಅಳಿಸುತ್ತೇನೆಂದು ಗೊತ್ತಿತ್ತು. ಫೋನು ಬಾಯಿಗೆ ಹಿಡಿದು ಮಾತಾಡಿ, ಆ ದನಿಯನ್ನೇ ಕಳಿಸಿದಳು.

“ನಾನು... ಕನ್ನಡಕದವಳು. ಆ ಶನಿವಾರ ನಾನು ತಿನ್ನದೆ ಕೂತಿದ್ದು ಬೇಡ ಅಂತಲ್ಲ. ನೀವು ಬಂದು ಎದುರಿಗೆ ಕೂರಲಿ ಅಂತ ಕಾಯ್ತಿದ್ದೆ. ಅಷ್ಟೇ. ಇರಿ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಈಗ ಹೇಳ್ತಿದ್ದೀನಿ... ಇರಿ. ತಡ ಆಯ್ತು, ಗೊತ್ತು.”

ಸಂದೇಶದ ಕೆಳಗೆ ಒಂದೇ ಒಂದು ಟಿಕ್ ಗೆರೆ ಬಂತು, ಇನ್ನೂ ತಲುಪಿಲ್ಲ ಎನ್ನುವ ಗುರುತು. ನಡುಸಮುದ್ರದಲ್ಲಿ ಸಿಗ್ನಲ್ ಎಲ್ಲಿ?

ಮರುದಿನವೂ ಒಂದೇ ಗೆರೆ. ವಾರವಾದರೂ ಒಂದೇ ಗೆರೆ. ಬೆಳಿಗ್ಗೆ ಎದ್ದ ಕೂಡಲೇ ನೋಡುವಳು, ಅಂಗಡಿಯಲ್ಲಿ ಗಾಜು ಒರೆಸುತ್ತ ನೋಡುವಳು. ಹತ್ತೊಂಬತ್ತು ದಿನ!

ಇಪ್ಪತ್ತನೇ ದಿನ ಮಧ್ಯಾಹ್ನ ಎರಡು ಗೆರೆ ಆಯಿತು. ಸ್ವಲ್ಪ ಹೊತ್ತಿಗೆ ನೀಲಿ ಆಯಿತು. ಅವನು ಕೇಳಿಸಿಕೊಂಡಿದ್ದ. ಉತ್ತರ ಮಾತ್ರ ಬರಲಿಲ್ಲ. ಅವಳು ಫೋನನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. ‘ತಡ ಆಯ್ತು... ತಡ ಆಗೇಬಿಟ್ಟಿತು.’

*

ಅದಾದ ನಾಲ್ಕನೇ ದಿನ, ಸೋಮವಾರ. ಚಳಿ ಶುರುವಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ನಿವೃತ್ತ ಮೇಷ್ಟ್ರೊಬ್ಬರನ್ನು ಎದುರು ಕೂರಿಸಿಕೊಂಡು ಅಳತೆಪಟ್ಟಿ ಹಿಡಿದಿದ್ದಳು.

“ಅಲುಗಾಡಬೇಡಿ ಸಾರ್...”

ಮೇಷ್ಟ್ರ ಭುಜದ ಆಚೆ, ಗಾಜಿನ ಬಾಗಿಲಲ್ಲಿ ಯಾರೋ ನಿಂತಿದ್ದರು. ಹೆಗಲಲ್ಲಿ ಚೀಲ. ಕಪ್ಪಾದ ಮುಖ. ಬೆನ್ನಲ್ಲ... ಮುಖ!

ಅಳತೆಪಟ್ಟಿ ಮೇಷ್ಟ್ರ ಮಡಿಲಿಗೆ ಬಿತ್ತು.

“ಏನಮ್ಮ, ಅಳೀಬೇಕಾದ ಕಣ್ಣು ನಂದಾ, ಅವರದಾ?” ಎಂದರು ಮೇಷ್ಟ್ರು.

“ತಪ್ಪಾಯ್ತು ಸಾರ್...”

“ಸಾರ್, ಐದು ತಿಂಗಳಾಯ್ತು” ಎಂದ ಅವನು ಬಾಗಿಲಿಂದಲೇ. “ಒಂದು ನಿಮಿಷ ನೋಡ್ಲಿ ಬಿಡಿ. ನಾನೂ ನೋಡ್ಬೇಕು.”

ಮೇಷ್ಟ್ರು ಎದ್ದುಬಿಟ್ಟರು. “ನನ್ನ ಪೇಪರು ನಾಳೆ ಓದ್ತೀನಿ. ಕೂತ್ಕೊಳ್ಳಪ್ಪ.”

ಅವನು ಕೂರಲಿಲ್ಲ. ಅವಳೂ ಏಳಲಿಲ್ಲ.

“ಉತ್ತರ ಯಾಕೆ ಕಳಿಸಲಿಲ್ಲ?” ಕಣ್ಣಲ್ಲಿ ನೀರು ತುಂಬಿ ಅವನು ಮಸುಕಾಗಿ ಕಂಡ. “ನಾಲ್ಕು ದಿನ... ನಾಲ್ಕು ದಿನ ನಾನು...”

“ಹಡಗು ಈ ಕಡೆಗೇ ತಿರುಗಿತ್ತು. ಎಣ್ಣೆ ತುಂಬಿಸೋಕೆ ಎರಡು ದಿನ ನಿಲ್ಲುತ್ತೆ. ನನಗೆ ಮಾತು ಕೂಡಿಸೋಕೆ ಬರಲ್ಲ, ನಿಮಗೆ ಗೊತ್ತಲ್ಲ. ಹದಿನೈದು ಸಲ ಕೇಳಿದೆ ನಿಮ್ಮ ಮಾತನ್ನ. ಇದಕ್ಕೆ ಎದುರಿಗೆ ನಿಂತೇ ಉತ್ತರ ಹೇಳ್ಬೇಕು ಅಂತ ಬಂದೆ.”

“ಹೇಳಿ ಹಾಗಾದ್ರೆ.”

ಅವನು ಹೆಗಲಿನ ಚೀಲ ಕೆಳಗಿಟ್ಟು ಅಂದ.

“ಹಸಿವಾಗಿದೆಯಾ?”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

*

ಮಹಡಿ ಕೋಣೆ ಖಾಲಿಯೇ ಇತ್ತು. ನಾಲ್ಕು ಜನ ಬಾಡಿಗೆಗೆ ಕೇಳಿಕೊಂಡು ಬಂದಿದ್ದರಂತೆ. ಹೊಗೆ ವಾಸನೆ ಇನ್ನೂ ಹೋಗಿಲ್ಲ ಎಂದು ಹೇಳಿ ಅತ್ತೆ ನಾಲ್ವರನ್ನೂ ವಾಪಸು ಕಳಿಸಿದ್ದರು. ಅದು ಅವಳಿಗೆ ಗೊತ್ತಾದದ್ದೇ ಆವತ್ತು.

ನೂಡಲ್ಸು ನೆನೆಯುವಷ್ಟು ಹೊತ್ತು ಅವನು ಆ ಮುದುಕನ ಕಥೆ ಹೇಳಿದ. ಇಪ್ಪತ್ತೆರಡು ತಟ್ಟೆಗಳ ಕಥೆ. ಅವಳು ಅವನ ಕೈ ಹಿಡಿದುಕೊಂಡು ಕೇಳಿದಳು.

“ಇಪ್ಪತ್ತೆರಡು ತಟ್ಟೆ ಬೇರೆ, ನನ್ನದು ಬೇರೆ ಅಂತ ಅನಿಸಲಿಲ್ವಾ?”

“ಅನಿಸಲಿಲ್ಲ. ನಿಮ್ಮದೊಂದು ತಟ್ಟೆ ಆ ಇಪ್ಪತ್ತೆರಡಕ್ಕಿಂತ ಭಾರ ಇತ್ತು.”

ಅವನು ಎದ್ದು ಒಲೆ ಹಚ್ಚಿದ. ಬಾಣಲೆ ಕಾಯಿತು. ಒಬ್ಬರ ಪಾಲಿನ ನೂಡಲ್ಸು, ಹುಣಸೆ, ಬೆಲ್ಲ, ಮೊಟ್ಟೆ... ಮೂರು ನಿಮಿಷ. ತಟ್ಟೆಗೆ ಸುರಿದು ಅವಳ ಮುಂದಿಟ್ಟ. ಅಭ್ಯಾಸ ಬಲದಿಂದ ಕೈ ಮತ್ತೆ ಎಣ್ಣೆ ಬಾಟಲಿಗೆ ಹೋಯಿತು.

“ಒಲೆ ಆರಿಸಿ” ಎಂದಳು ಅವಳು.

“ನಂದಿನ್ನೂ...”

“ಆರಿಸಿ. ಬಂದು ಕೂತ್ಕೊಳ್ಳಿ. ಇದನ್ನ ಇಬ್ಬರೂ ತಿನ್ನೋಣ. ಆಮೇಲೆ ಇನ್ನೊಂದು ಮಾಡಿ, ಅದನ್ನೂ ಇಬ್ಬರೂ ತಿನ್ನೋಣ.”

ಅವನು ಸಟ್ಟುಗ ಹಿಡಿದು ನಿಂತೇ ಇದ್ದ. ಹದಿನೆಂಟು ವರ್ಷದಲ್ಲಿ ಈ ಉಪಾಯ ಅವನ ತಲೆಗೆ ಬಂದಿರಲಿಲ್ಲ!

“ಇಷ್ಟು ಬುದ್ಧಿ ಬರೋಕೆ ಐದು ತಿಂಗಳು ಬೇಕಾಯ್ತಾ ಇಬ್ಬರಿಗೂ?”

ಬಾಗಿಲಲ್ಲಿ ಅತ್ತೆ! ಎರಡು ವರ್ಷದಿಂದ ಮೆಟ್ಟಿಲು ಹತ್ತದ ಅತ್ತೆ ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತಿದ್ದರು.

“ಅತ್ತೆ, ಮಂಡಿ!”

“ಮಂಡಿ ಇದ್ದೇ ಇದೆ, ಇದು ಮತ್ತೆ ನೋಡೋಕೆ ಸಿಗಲ್ಲ. ಲೋ ಹೊಗೆರಾಯ, ಕೂತ್ಕೋ ಅಂದ್ರೆ ಕೂತ್ಕೋಬೇಕು. ನನಗೂ ಒಂದು ತಟ್ಟೆ ಆಮೇಲೆ ಕೊಡು, ಅವಸರ ಇಲ್ಲ. ಈ ಮೆಟ್ಟಿಲಿಳಿಯೋಕೆ ನನಗೆ ಅರ್ಧ ಗಂಟೆ ಬೇಕು.”

ಅವನು ಕೂತ. ಅವಳ ಎದುರಿಗೆ, ಸಣ್ಣ ಮೇಜಿನ ಆಚೆ. ಮಂಡಿಗೆ ಮಂಡಿ ತಾಗಿತು. ಅವಳು ಉದ್ದನೆಯ ನೂಡಲ್ಸನ್ನು ಆರಿಸಿ ಅವನ ಕಡೆ ಸರಿಸಿದಳು. ಅವನು ಅದನ್ನೇ ಮತ್ತೆ ಅವಳ ಕಡೆ ಸರಿಸಿದ. ಇಬ್ಬರ ಮುಳ್ಳುಚಮಚಗಳೂ ಒಂದೇ ತಟ್ಟೆಗೆ ತಾಗಿ ಸದ್ದು ಮಾಡಿದವು.

“ಇನ್ನೂ ನಾಲ್ಕು ತಿಂಗಳಿದೆ ಈ ಹಡಗಲ್ಲಿ” ಎಂದ ಅವನು ಕೊನೆಗೆ. “ಸಹಿ ಹಾಕಿದ್ದೀನಿ, ಬಿಡೋ ಹಾಗಿಲ್ಲ. ಬರ್ತಾ ಬಂದರಿನ ಶಾಲೆಗೆ ಹೋಗಿದ್ದೆ. ನಾಲ್ಕು ತಿಂಗಳಾದ ಮೇಲೆ ಬಾ ಅಂದ್ರು. ಆಮೇಲೆ ಹಡಗು ಹತ್ತಲ್ಲ. ಇಲ್ಲೇ... ನಿಮ್ಮ ಜೊತೆ...” ಮುಂದಿನ ಮಾತಿಗೆ ಅವನು ಬಹಳ ಕಷ್ಟಪಟ್ಟ. “ಕಾಯ್ತೀರಾ?”

“ಕಾಯೋದು ನನಗೆ ಮೊದಲಿಂದ ಬರುತ್ತೆ” ಎಂದಳು ಅವಳು. “ನಾನು ಕಾಯ್ತಿದ್ದೀನಿ ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.”

“ಗೊತ್ತು. ಈಗ ಗೊತ್ತು.”

“ಮತ್ತೆ ಈ ‘ಕನ್ನಡಕದವರೇ’, ‘ನೀವು’ ಎಲ್ಲ ಇನ್ನು ಸಾಕು.”

“ಸರಿ... ನೀನು ತಿನ್ನು.”

“ನೀನೂ ತಿನ್ನು.”

ಮಂಗಳವಾರ ಇಡೀ ದಿನ ಅವಳು ಅಂಗಡಿಗೆ ಹೋಗಲಿಲ್ಲ. ಅವನು ಹಡಗಿಗೆ ಹೊರಟದ್ದು ಬುಧವಾರ, ಬೆಳಿಗ್ಗೆ ಒಂಬತ್ತೂವರೆಗೆ.